ಸಿರಿಂಜು ಸುಳ್ಳು ಹೇಳುವುದು ಎಲ್ಲೆಲ್ಲಿ: ಬಾವಿಯ ಉಪ್ಪು ಅಳೆಯಹೋಗಿ ಹಿಡಿದ ದೋಷಗಳು

ಏಪ್ರಿಲ್ ತಿಂಗಳು, ಕುಮಟಾ ತಾಲೂಕಿನ ಅಘನಾಶಿನಿ ಹೊಳೆಯಂಚಿನ ಒಂದು ಮನೆಯ ಬಾವಿ. ಒಂದೇ ಕೊಡದಲ್ಲಿ ನೀರು ಸೇದಿ ತಂದು ನಮ್ಮ ಹೈಸ್ಕೂಲಿನ ಮಕ್ಕಳ ಎರಡು ತಂಡಕ್ಕೆ ಹಂಚಿದೆ. ನೀರಿನ ಉಪ್ಪು ತಿಳಿಯಲು ಇಬ್ಬರೂ ಅಳೆಯಬೇಕಾದದ್ದು ಒಂದನ್ನೇ: 10 ಮಿ.ಲೀ. ಬಾವಿನೀರಿನ ಬಣ್ಣ ತಿರುಗಲು ಎಷ್ಟು ಸಿಲ್ವರ್ ನೈಟ್ರೇಟ್ ದ್ರಾವಣ ಬೇಕು? ಮೊದಲ ತಂಡ ಮೂರು ಸಲ ಮಾಡಿ 0.78, 0.66, 0.72 ಮಿ.ಲೀ. ಎಂದು ಬರೆದುಕೊಂಡು ಬಂತು. ಎರಡನೆಯ ತಂಡ 0.28, 0.28, 0.28 ಎಂದು ಬರೆದುಕೊಂಡು ನಗುತ್ತಾ ಬಂತು. "ಅಕ್ಕೋರೆ, ನಮ್ದು ಮೂರೂ ಒಂದೇ ಬಂತು, ಅವ್ರದ್ದು ನೋಡಿ."

ನಾನೂ ಒಂದು ಕ್ಷಣ ಎರಡನೆಯ ತಂಡವನ್ನೇ ನಂಬಿದೆ. ಮೂರು ಸಲವೂ ಒಂದೇ ಸಂಖ್ಯೆ ಬಂದರೆ ಯಾರಿಗಾದರೂ ನಂಬಿಕೆ ಬರುತ್ತದೆ. ಆದರೆ ನಿಜಕ್ಕೆ ಹತ್ತಿರವಿದ್ದದ್ದು ಚೆಲ್ಲಾಪಿಲ್ಲಿಯಾಗಿದ್ದ ಮೊದಲ ತಂಡ. ಒಮ್ಮತದ ಎರಡನೆಯ ತಂಡ ಎರಡೂವರೆ ಪಟ್ಟು ತಪ್ಪಿತ್ತು. ಎರಡೂ ತಪ್ಪಿಗೆ ಕಾರಣ ಸಿರಿಂಜು, ಆದರೆ ಕಾಯಿಲೆ ಬೇರೆ ಬೇರೆ. ಅವನ್ನು ಹೇಗೆ ಬೇರ್ಪಡಿಸಿದೆವು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಸಿರಿಂಜಿನಲ್ಲಿ ಗೊಬ್ಬರ, ಔಷಧಿ, ಬಣ್ಣ, ಮತ್ತೇನನ್ನೇ ಅಳೆಯುವವರಿಗೂ ಇದು ಉಪಯೋಗವಾದೀತು.

ಈ ಲೆಕ್ಕ ಏಕೆ ಇಷ್ಟು ಬಿಗಿ

ಅಘನಾಶಿನಿಗೆ ಅಣೆಕಟ್ಟಿಲ್ಲ. ಶಿರಸಿಯ ಶಂಕರ ಹೊಂಡದಲ್ಲಿ ಹುಟ್ಟಿ, ಘಟ್ಟ ಇಳಿದು, ತದಡಿಯ ಹತ್ತಿರ ಸಮುದ್ರ ಸೇರುವ ಹೊಳೆ. ಬೇಸಿಗೆಯಲ್ಲಿ ಮೇಲಿನ ನೀರು ಕಡಿಮೆಯಾದಂತೆ ಭರತದ ಉಪ್ಪುನೀರು ಒಳಕ್ಕೆ ಒತ್ತುತ್ತದೆ. ಗಜನಿ, ಅಂದರೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳಲ್ಲಿ ಕಗ್ಗ ಭತ್ತ ಬೆಳೆಯುವುದು ಈ ಉಪ್ಪನ್ನು ತಾಳಿಕೊಂಡೇ. ಬಾವಿಗೆ ಮಾತ್ರ ತಾಳುವ ಗುಣವಿಲ್ಲ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 19,000 ಮಿ.ಗ್ರಾಂ. ಕ್ಲೋರೈಡ್ (ಉಪ್ಪಿನ ಒಂದು ಅಂಶ) ಇರುತ್ತದೆ, ನೂರು ಕೊಡ ಸಿಹಿನೀರಿಗೆ ಒಂದು ಕೊಡಕ್ಕಿಂತ ಸ್ವಲ್ಪ ಹೆಚ್ಚು ಸಮುದ್ರ ಬೆರೆತರೆ ಸಾಕು, ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಹೇಳುವ 250 ಮಿ.ಗ್ರಾಂ. ಮಿತಿ ದಾಟುತ್ತದೆ.

ದ್ರಾವಣವನ್ನು ಹನಿ ಹನಿಯಾಗಿ ಅಳೆದು ಬಿಡುವ ಗಾಜಿನ ಕೊಳವೆ ಬ್ಯುರೆಟ್. ನಮ್ಮ ಶಾಲೆಯ ಎರಡು ಬ್ಯುರೆಟ್‌ಗಳಲ್ಲಿ ಒಂದು ಒಡೆದಿದೆ, ಇನ್ನೊಂದರ ನಲ್ಲಿ ಸೋರುತ್ತದೆ. ಸಿರಿಂಜು ಮೆಡಿಕಲ್ ಅಂಗಡಿಯಲ್ಲಿ ಕೆಲವೇ ರೂಪಾಯಿಗೆ ಸಿಗುತ್ತದೆ. ಹಾಗಾಗಿ ಈ ದಾರಿ. ಬಾವಿನೀರಿಗೆ ಎರಡು ಮೂರು ಹನಿ ಪೊಟ್ಯಾಸಿಯಂ ಕ್ರೋಮೇಟ್ ಹಾಕಿದರೆ ಹಳದಿಯಾಗುತ್ತದೆ. ಆಮೇಲೆ 0.1 ನಾರ್ಮಲ್ ಸಾಂದ್ರತೆಯ ಸಿಲ್ವರ್ ನೈಟ್ರೇಟ್ ದ್ರಾವಣವನ್ನು 1 ಮಿ.ಲೀ. ಸಿರಿಂಜಿನಿಂದ ಹನಿ ಹನಿಯಾಗಿ ಬಿಡುತ್ತಾ ಹೋಗಬೇಕು. ನೀರಿನ ಕ್ಲೋರೈಡ್ ಎಲ್ಲ ಬಿಳಿ ಗಸಿಯಾಗಿ ಮುಗಿದ ಮರುಕ್ಷಣ ಹಳದಿ ಹೋಗಿ ಇಟ್ಟಿಗೆ ಬಣ್ಣದ ಛಾಯೆ ನಿಲ್ಲುತ್ತದೆ. ಅಲ್ಲಿ ನಿಲ್ಲಿಸಿ ಸಿರಿಂಜು ಓದುವುದು.

ಈ ದ್ರಾವಣದ 1 ಮಿ.ಲೀ. 3.545 ಮಿ.ಗ್ರಾಂ. ಕ್ಲೋರೈಡಿಗೆ ಸಮ. ನೀರು 10 ಮಿ.ಲೀ. ಆದ್ದರಿಂದ ಸಿರಿಂಜಿನ ರೀಡಿಂಗನ್ನು 354.5ರಿಂದ ಗುಣಿಸಿದರೆ ಲೀಟರಿಗೆ ಎಷ್ಟು ಮಿ.ಗ್ರಾಂ. ಎಂದು ಸಿಗುತ್ತದೆ. ಮೊದಲ ತಂಡದ ಮೂರು ರೀಡಿಂಗ್ ಹೀಗೆ 277, 234, 255 ಆದವು. ಒಮ್ಮೆ ಮಿತಿಯ ಈಚೆ, ಎರಡು ಸಲ ಆಚೆ. ಸಿರಿಂಜಿನ ಒಂದು ಸಣ್ಣ ಗೆರೆ, ಅಂದರೆ 0.01 ಮಿ.ಲೀ., ಇಲ್ಲಿ ಮೂರೂವರೆ ಮಿ.ಗ್ರಾಂ.ಗೆ ಸಮ. ಸಾಮಾನ್ಯ ಡ್ರಾಪರಿನ ಒಂದು ಹನಿ ಸುಮಾರು 0.05 ಮಿ.ಲೀ. ಇರುತ್ತದೆ, ಅದು ಹತ್ತಿರ ಹತ್ತಿರ 18 ಮಿ.ಗ್ರಾಂ. ಒಂದೇ ಹನಿಯಲ್ಲಿ ಬಾವಿಯ ತೀರ್ಪು ಬದಲಾಗುತ್ತದೆ.

ಮೊದಲು ಕಾಯಿಲೆಯ ಜಾತಿ ನೋಡಿ

ಅಳತೆ ತಪ್ಪಿದಾಗ ನಾವೆಲ್ಲ ಮಾಡುವ ಮೊದಲ ಕೆಲಸ ದ್ರಾವಣವನ್ನು ಬೈಯುವುದು. ಎರಡನೆಯದು ಹುಡುಗರನ್ನು ಬೈಯುವುದು. ಎರಡನ್ನೂ ಬಿಟ್ಟು ಬರೀ ನೀರು ತೆಗೆದುಕೊಳ್ಳಿ, ಒಂದು ತಕ್ಕಡಿ ಹುಡುಕಿ. ನಮ್ಮ ಊರಿನ ಅಕ್ಕಸಾಲಿಗರ ಅಂಗಡಿಯಲ್ಲಿ ಮಿಲಿಗ್ರಾಂ ತೋರಿಸುವ ತಕ್ಕಡಿ ಇದೆ. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿಗೆ ಹೋಗಿ ಕೇಳಿದರೆ ಇಲ್ಲ ಎನ್ನುವವರಲ್ಲ. 0.01 ಗ್ರಾಂ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿಯೂ ಸಾಕಾಗುತ್ತದೆ, ಆದರೆ ಒಂದೊಂದೇ ತೂಗುವ ಬದಲು ಹತ್ತು ಸಲ ಹಾಕಿದ್ದನ್ನು ಒಟ್ಟಿಗೆ ತೂಗಿ ಸರಾಸರಿಯನ್ನೂ ನೋಡಿಕೊಳ್ಳಬೇಕು.

ಮುಚ್ಚಳದ ಸಣ್ಣ ಬಾಟ್ಲಿ ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ, ಸಿರಿಂಜಿನಿಂದ 1 ಮಿ.ಲೀ. ನೀರು ಬಿಟ್ಟು, ತೂಕ ಬರೆದುಕೊಳ್ಳುವುದು. ನಮ್ಮ ಕರಾವಳಿಯ 30 ಡಿಗ್ರಿ ಸೆಕೆಯಲ್ಲಿ 1 ಮಿ.ಲೀ. ನೀರು 0.996 ಗ್ರಾಂ ತೂಗುತ್ತದೆ. ಒಂದು ಗ್ರಾಂ ಎಂದುಕೊಂಡರೂ ಶೇ. 0.4ರಷ್ಟೇ ವ್ಯತ್ಯಾಸ, ನಮ್ಮ ಉಳಿದ ತಪ್ಪುಗಳ ಮುಂದೆ ಅದು ಏನೂ ಅಲ್ಲ. ಫ್ಯಾನ್ ಮಾತ್ರ ಬಂದ್ ಮಾಡಿ. ಗಾಳಿಗೆ ತಕ್ಕಡಿಯ ಕೊನೆಯ ಅಂಕಿ ಕುಣಿಯುತ್ತದೆ.

ಒಂದೇ ಪ್ರಮಾಣವನ್ನು ಹತ್ತು ಸಲ ತೂಗಿದ ಮೇಲೆ ಎರಡು ಬೇರೆ ಪ್ರಮಾಣ ತೂಗಿ, 0.20 ಮತ್ತು 0.80 ಎಂದಿಟ್ಟುಕೊಳ್ಳಿ. ಇಷ್ಟರಲ್ಲೇ ಕಾಯಿಲೆ ತನ್ನ ಜಾತಿ ಹೇಳಿಬಿಡುತ್ತದೆ. ತೂಕ ಒಂದು ಸಲ ಮೇಲೆ, ಒಂದು ಸಲ ಕೆಳಗೆ ಹಾರುತ್ತಿದ್ದರೆ ಅದು ಕೈಯ ದೋಷ: ಗುಳ್ಳೆ, ಹನಿ, ಜಾರದ ರಬ್ಬರು. ಎರಡೂ ಪ್ರಮಾಣದಲ್ಲಿ ಒಂದೇ ಅಂತರ ತಪ್ಪುತ್ತಿದ್ದರೆ, ಅಂದರೆ 0.20 ಇದ್ದಲ್ಲಿ 0.26, 0.80 ಇದ್ದಲ್ಲಿ 0.86 ಬಂದರೆ, ಸಿರಿಂಜಿನ ಮೂತಿಯೋ ಓದುವ ಜಾಗವೋ ತಪ್ಪು. ಎರಡರಲ್ಲೂ ಒಂದೇ ಪಟ್ಟು ತಪ್ಪುತ್ತಿದ್ದರೆ ಗೆರೆಗಳೇ ನೀವು ಅಂದುಕೊಂಡದ್ದಲ್ಲ. ಈ ಮೂರನ್ನು ಬೆರೆಸಿದರೆ ದಿನವಿಡೀ ತಿರುಗಿದರೂ ದೋಷ ಸಿಗುವುದಿಲ್ಲ. ನಾವು ಹಾಗೆ ಒಂದು ಮಧ್ಯಾಹ್ನ ಕಳೆದಿದ್ದೇವೆ.

ರೀಡಿಂಗ್ ಒಂದಕ್ಕೊಂದು ಹೊಂದುತ್ತಿಲ್ಲ

ಮೊದಲ ತಂಡದ ಕಾಯಿಲೆ ಇದು. ಅವರ ಸಿರಿಂಜಿನ ನೀರು ತೂಗಿದರೆ ಒಂದು ಸಲ 1.04, ಮತ್ತೊಂದು ಸಲ 0.93. ಸಿರಿಂಜಿಗೆ ಸೂಜಿ ಇರಲಿಲ್ಲ, ಬರೀ ಪ್ಲಾಸ್ಟಿಕ್ ಮೂತಿ.

ಆ ಮೂತಿಯೊಳಗೆ ಎಷ್ಟು ಹಿಡಿಯುತ್ತದೆ ಎಂದು ಯಾರೂ ಯೋಚಿಸುವುದಿಲ್ಲ. ಒಣ ಸಿರಿಂಜನ್ನು ತೂಗಿ, ನೀರೆಳೆದು, ದಂಡವನ್ನು ಪೂರ್ತಿ ಒತ್ತಿ ಖಾಲಿ ಮಾಡಿ, ಹೊರಗೆ ಒರೆಸಿ ಮತ್ತೆ ತೂಗಿದೆವು. 0.06 ಗ್ರಾಂ ಹೆಚ್ಚು ಬಂತು. ದಂಡ ಸೊನ್ನೆಗೆ ತಾಗಿದ ಮೇಲೂ ಅಷ್ಟು ನೀರು ಮೂತಿಯಲ್ಲಿ ಕೂತಿರುತ್ತದೆ, ಹೊರಗೆ ಬರುವುದೇ ಇಲ್ಲ. ಬಾರದಿದ್ದರೆ ಬೇಡ, ಅದರಿಂದ ತೊಂದರೆಯಿಲ್ಲ. ಶುರುವಿನಲ್ಲಿ ಮೂತಿ ತುಂಬಿತ್ತು, ಕೊನೆಯಲ್ಲೂ ತುಂಬಿದೆ ಎಂದಾದರೆ ಗೆರೆಯಿಂದ ಗೆರೆಗೆ ಹೋದಷ್ಟೇ ಹೊರಗೆ ಹೋಗಿರುತ್ತದೆ. ತೊಂದರೆ ಬರುವುದು ಒಮ್ಮೆ ತುಂಬಿ, ಒಮ್ಮೆ ಖಾಲಿ ಇದ್ದಾಗ. ನಮ್ಮ ಹುಡುಗ ಸಿರಿಂಜು ತುಂಬಿಸಿ, ಬಾಟ್ಲಿಯಿಂದ ಎತ್ತಿ, ತೊಟ್ಟಿಕ್ಕದಿರಲಿ ಎಂದು ದಂಡವನ್ನು ಒಂದಿಷ್ಟು ಹಿಂದಕ್ಕೆಳೆದು, ಅಲ್ಲಿಂದ ಲೆಕ್ಕ ಶುರುಮಾಡುತ್ತಿದ್ದ. ಮೂತಿಯಲ್ಲಿ ಗಾಳಿ ಬಂದು ಕೂತಿತ್ತು. ಮೊದಲ ಆರು ಗೆರೆ ದಂಡ ಸರಿದರೂ ಹೊರಗೆ ಹೋದದ್ದು ಗಾಳಿ. 0.78ರ ದೊಡ್ಡ ಪಾಲು ಇದೇ.

ಮದ್ದು ಸುಲಭ. ಮೂತಿಯನ್ನು ದ್ರಾವಣದಲ್ಲಿ ಮುಳುಗಿಸಿಟ್ಟೇ ಮೂರು ನಾಲ್ಕು ಸಲ ಎಳೆದು ಒತ್ತಿ. ಒಳಗೋಡೆ ಒದ್ದೆಯಾಗಿ ಗಾಳಿ ಹೊರಬೀಳುತ್ತದೆ. ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಎಳೆಯಿರಿ. ಮೂತಿ ಮೇಲೆ ಮಾಡಿ ಉಗುರಿನಿಂದ ತಟ್ಟಿ, ಗುಳ್ಳೆ ಮೇಲೇರಿದ ಮೇಲೆ ಒತ್ತಿ ತೆಗೆಯಿರಿ, ಗೆರೆಗೆ ತನ್ನಿ. ಮೂತಿಯ ಹೊರಮೈಯನ್ನು ಒಮ್ಮೆ ಒರೆಸಿ, ಆದರೆ ರಂಧ್ರಕ್ಕೆ ಬಟ್ಟೆ ತಾಗಿಸಬೇಡಿ. ಬಟ್ಟೆ ಮೂತಿಯೊಳಗಿನದನ್ನೂ ಹೀರಿಬಿಡುತ್ತದೆ.

ಗುಳ್ಳೆ ಎಷ್ಟು ತಟ್ಟಿದರೂ ಹೋಗದೆ ರಬ್ಬರಿಗೆ ಅಂಟಿಕೊಂಡರೆ? ಬಿಟ್ಟುಬಿಡಿ. ಮೂತಿ ಕೆಳಗೆ ಮಾಡಿ ಹನಿ ಬಿಡುವಾಗ ಗುಳ್ಳೆ ಮೇಲೆ, ರಬ್ಬರಿನ ಬಳಿಯೇ ಇರುತ್ತದೆ. ದಂಡ ಎಷ್ಟು ಸರಿಯಿತೋ ಅಷ್ಟೇ ದ್ರವ ಕೆಳಗಿಂದ ಹೋಗುತ್ತದೆ. ಆಗ ಓದಬೇಕಾದದ್ದು ರಬ್ಬರಿನ ಅಂಚು, ಗುಳ್ಳೆಯ ಕೆಳಗಿನ ನೀರಿನ ಮಟ್ಟ ಅಲ್ಲ. ಬ್ಯುರೆಟ್ ಓದಿ ಅಭ್ಯಾಸವಿದ್ದವರು ಇಲ್ಲೇ ಎಡವುತ್ತಾರೆ.

ಇನ್ನು ಕೊನೆಯ ಹನಿ. ಬಣ್ಣ ತಿರುಗುವ ಹೊತ್ತಿಗೆ ಮೂತಿಯ ತುದಿಯಲ್ಲಿ ಒಂದು ಹನಿ ತೂಗಾಡುತ್ತಿರುತ್ತದೆ. ಗೆರೆಯ ಲೆಕ್ಕದಲ್ಲಿ ಅದು ಹೊರಗೆ ಹೋಗಿದೆ, ನೀರಿನ ಲೆಕ್ಕದಲ್ಲಿ ಇನ್ನೂ ಬಂದಿಲ್ಲ. ಮಕ್ಕಳಿಗೆ ನಾನು ಹೇಳುವುದು: ಹನಿ ಬೀಳಲಿ ಎಂದು ಕಾಯಬೇಡಿ, ತುದಿಯನ್ನು ಗಾಜಿನ ಗೋಡೆಗೆ ತಾಗಿಸಿ ಇಳಿಸಿ, ಪಾತ್ರೆ ಓರೆಮಾಡಿ ಆ ಜಾಗವನ್ನು ನೀರಿನಿಂದ ತೊಳೆಯಿರಿ. ಆಗ ಅರ್ಧ ಹನಿ, ಕಾಲು ಹನಿಯನ್ನೂ ಬಿಡಬಹುದು. ಮೊದಲ ತಂಡದ 0.72ರಲ್ಲಿ ತಪ್ಪಿದ್ದು ಇಷ್ಟೇ.

0.66 ಮಾತ್ರ ನನ್ನನ್ನು ಕಾಡಿತು. ಮೂತಿಯ ಗಾಳಿ, ತೂಗುವ ಹನಿ ಎರಡೂ ರೀಡಿಂಗನ್ನು ಏರಿಸುತ್ತವೆ, ಇಳಿಸುವುದಿಲ್ಲ. ಇದು ಇಳಿದದ್ದು ಹೇಗೆ? ಮತ್ತೆ ಮಾಡಿಸಿ ಪಕ್ಕದಲ್ಲೇ ನಿಂತು ನೋಡಿದೆ. ತಪ್ಪು 1 ಮಿ.ಲೀ. ಸಿರಿಂಜಿನಲ್ಲಿರಲಿಲ್ಲ. ಬಾವಿನೀರು ಅಳೆಯುವ 10 ಮಿ.ಲೀ. ಸಿರಿಂಜನ್ನು ಹುಡುಗಿ ಸರ್ರನೆ ಎಳೆದಾಗ ಒಳಗೆ ಕಡಲೆಕಾಳಿನಷ್ಟು ಗುಳ್ಳೆ ಬಂದಿತ್ತು, ಮೂತಿ ಮೇಲಿದ್ದಾಗಲೇ ಒತ್ತಿದ್ದರಿಂದ ಗುಳ್ಳೆಯೂ ಲೆಕ್ಕಕ್ಕೆ ಸೇರಿತು. ಅರ್ಧ ಮಿ.ಲೀ. ನೀರು ಕಡಿಮೆ, ಉಪ್ಪೂ ಶೇ. 5 ಕಡಿಮೆ. ಎಲ್ಲರೂ ಸಣ್ಣ ಸಿರಿಂಜನ್ನೇ ದಿಟ್ಟಿಸುತ್ತಿರುವಾಗ ದೊಡ್ಡದು ಪಕ್ಕದಲ್ಲಿ ಕೂತು ಮೋಸ ಮಾಡುತ್ತಿತ್ತು.

ದಂಡ ತಡೆದು ತಡೆದು ಜಿಗಿಯುತ್ತಿದ್ದರೆ ಅದು ಸಿರಿಂಜಿನ ಆಯುಸ್ಸು ಮುಗಿದ ಗುರುತು. ಹೊಸ ಸಿರಿಂಜಿನ ಒಳಗೆ ತೆಳುವಾಗಿ ಸಿಲಿಕೋನ್ ಎಣ್ಣೆ ಸವರಿರುತ್ತಾರೆ. ನಾಲ್ಕಾರು ಸಲ ಸೋಪಿನಲ್ಲಿ ತೊಳೆದರೆ ಅದು ಹೋಗುತ್ತದೆ. ಆಮೇಲೆ ಹೆಬ್ಬೆರಳು ಒತ್ತುತ್ತಲೇ ಇರುತ್ತದೆ, ಏನೂ ಆಗುವುದಿಲ್ಲ, ಇದ್ದಕ್ಕಿದ್ದಂತೆ ಐದು ಗೆರೆ ಒಟ್ಟಿಗೆ ಹಾರುತ್ತದೆ. ಒಬ್ಬ ಜಾಣ ಮನೆಯಿಂದ ತೆಂಗಿನೆಣ್ಣೆ ತಂದು ಸವರಿದ. ದಂಡವೇನೋ ಬೆಣ್ಣೆಯಂತೆ ಜಾರಿತು, ಆದರೆ ಗೋಡೆಯ ಮೇಲೆ ನೀರು ಮುತ್ತು ಮುತ್ತಾಗಿ ಅಂಟಿ ನಿಂತು ಅಳತೆ ಇನ್ನೂ ಕೆಟ್ಟಿತು. ಎಸೆದು ಹೊಸದು ತೆಗೆಯಿರಿ.

ಗಾಳಿ ಸೋರುವ ಸಂಶಯವಿದ್ದರೆ ಸಿರಿಂಜಿನ ಮೂತಿಗೆ ಬೆರಳು ಒತ್ತಿ ಹಿಡಿದು ದಂಡವನ್ನು ಅರ್ಧಕ್ಕೆಳೆದು ಬಿಡಿ. ಮೊದಲಿದ್ದ ಗೆರೆಗೆ ಮರಳಿದರೆ ರಬ್ಬರು ಚೆನ್ನಾಗಿದೆ.

ರೀಡಿಂಗ್ ಹೊಂದುತ್ತವೆ, ಆದರೂ ಸುಳ್ಳು

ಎರಡನೆಯ ತಂಡಕ್ಕೆ ಬರುತ್ತೇನೆ. ಅವರ 0.28ರ ಲೆಕ್ಕದಲ್ಲಿ ಬಾವಿಯ ಕ್ಲೋರೈಡ್ ಬರೀ 99. ಆ ಮನೆಯವರು ಚಹಾದ ರುಚಿ ಕೆಟ್ಟಿದೆ ಎನ್ನುತ್ತಿದ್ದರು; 99ಕ್ಕೆ ಯಾರ ನಾಲಿಗೆಗೂ ಉಪ್ಪು ತಾಗುವುದಿಲ್ಲ, ತಾಗಲು ಶುರುವಾಗುವುದು 250ರ ಆಸುಪಾಸಿನಲ್ಲಿ. ನನಗೆ ಮೊದಲ ಅನುಮಾನ ಬಂದದ್ದು ಅಲ್ಲಿ.

ಇಂಥ ಹೊತ್ತಿಗೆಂದೇ ಉತ್ತರ ಗೊತ್ತಿರುವ ಒಂದು ನೀರು ಇಟ್ಟುಕೊಳ್ಳಬೇಕು. ಪ್ರಯೋಗಾಲಯದ ಶುದ್ಧ ಉಪ್ಪನ್ನು ಒಣಗಿಸಿ 0.412 ಗ್ರಾಂ ತೂಗಿ ಒಂದು ಲೀಟರ್ ಡಿಸ್ಟಿಲ್ಡ್ ನೀರಿನಲ್ಲಿ ಕರಗಿಸಿದರೆ ಅದು ಸರಿಯಾಗಿ 250 ಮಿ.ಗ್ರಾಂ. ಕ್ಲೋರೈಡಿನ ನೀರು. ಅದರ 10 ಮಿ.ಲೀ.ಗೆ 0.705 ಮಿ.ಲೀ. ಸಿಲ್ವರ್ ನೈಟ್ರೇಟ್ ತಗಲಬೇಕು. ಮೊದಲ ತಂಡಕ್ಕೆ, ಗುಳ್ಳೆ ಹನಿ ಎಲ್ಲ ತಿದ್ದಿದ ಮೇಲೆ, 0.72 ಬಂತು. ಎರಡನೆಯ ತಂಡಕ್ಕೆ 0.29. ಭಾಗಿಸಿ ನೋಡಿದೆ, ಹತ್ತಿರ ಹತ್ತಿರ ಎರಡೂವರೆ. ಬಾವಿನೀರಿನಲ್ಲೂ ಎರಡೂವರೆ. ಗುಳ್ಳೆ ಹನಿಗಳು ಹೀಗೆ ಲೆಕ್ಕ ಇಟ್ಟುಕೊಂಡು ತಪ್ಪುವುದಿಲ್ಲ.

ಸಿರಿಂಜು ಕೈಗೆ ತೆಗೆದುಕೊಂಡೆ. ಕೆಂಪು ಟೊಪ್ಪಿ. ಇನ್ಸುಲಿನ್ ಸಿರಿಂಜು! ಒಂದು ಮಿ.ಲೀ. ಹಿಡಿಯುತ್ತದೆ ಎಂಬುದೇನೋ ನಿಜ, ಆದರೆ ಗೆರೆಗಳು ಮಿ.ಲೀ.ಯದ್ದಲ್ಲ, ಇನ್ಸುಲಿನ್ನಿನ ಯೂನಿಟ್ಟಿನದ್ದು. ನಮ್ಮಲ್ಲಿ ಬಳಕೆಯಲ್ಲಿರುವ 40 ಯೂನಿಟ್ ಇನ್ಸುಲಿನ್ನಿಗೆ ಹೊಂದುವ ಈ ಸಿರಿಂಜಿನಲ್ಲಿ ಒಂದು ಮಿ.ಲೀ.ಗೆ 40 ಯೂನಿಟ್, ಒಂದು ಯೂನಿಟ್ 0.025 ಮಿ.ಲೀ. ಮಕ್ಕಳು 28ನೆಯ ಯೂನಿಟ್ಟನ್ನು 0.28 ಮಿ.ಲೀ. ಎಂದು ಓದಿದ್ದರು. 28ನ್ನು 0.025ರಿಂದ ಗುಣಿಸಿದರೆ 0.70. ಕಿತ್ತಳೆ ಟೊಪ್ಪಿಯದು 100 ಯೂನಿಟ್ಟಿನ ಸಿರಿಂಜು, ಅದರಲ್ಲಿ ಒಂದು ಯೂನಿಟ್ 0.01 ಮಿ.ಲೀ.; ಅದನ್ನು ಕೊಟ್ಟಿದ್ದರೆ ಮಕ್ಕಳ ಓದು ತಪ್ಪುತ್ತಲೇ ಇರಲಿಲ್ಲ, ನನಗೂ ಇದು ಗೊತ್ತಾಗುತ್ತಿರಲಿಲ್ಲ. ಮನೆಯಲ್ಲಿ ಇನ್ಸುಲಿನ್ ತೆಗೆದುಕೊಳ್ಳುವವರಿದ್ದರೆ ಟೊಪ್ಪಿಯ ಬಣ್ಣವೂ ಇನ್ಸುಲಿನ್ ಬಾಟ್ಲಿಯ ಮೇಲಿನ ಸಂಖ್ಯೆಯೂ ಹೊಂದುತ್ತವೆಯೇ ಎಂದು ಒಮ್ಮೆ ನೋಡಿಬಿಡಿ. ಅಲ್ಲಿ ಎರಡೂವರೆ ಪಟ್ಟಿನ ತಪ್ಪು ಜೀವಕ್ಕೆ ಬರುತ್ತದೆ.

ಮೂರು ಸಲವೂ 28 ಬಂದದ್ದು ಏಕೆ ಎಂಬುದೂ ಈಗ ತಿಳಿಯಿತು. ಆ ಸಿರಿಂಜಿಗೆ ಸಣ್ಣ ಸೂಜಿ ಅಂಟಿಕೊಂಡೇ ಬರುತ್ತದೆ, ಮೂತಿಯ ಖಾಲಿ ಜಾಗ ಅದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ, ಹನಿಯೂ ತೀರಾ ಚಿಕ್ಕದು. ಅಳತೆಗೆ ಅದೇ ಒಳ್ಳೆಯ ಸಾಧನ, ಓದುವ ಭಾಷೆಯೊಂದು ತಪ್ಪು. ಸೂಜಿಯಿದ್ದ ಸಿರಿಂಜನ್ನು ಮಕ್ಕಳ ಕೈಗೆ ಕೊಟ್ಟದ್ದು ನನ್ನದೇ ಎಚ್ಚರಗೇಡು. ಅಂಗಡಿಯಿಂದ ತಂದ ಪೊಟ್ಟಣ ಬಿಚ್ಚಿ ನೋಡದೆ ಹಂಚಿದ್ದೆ. ಈಗ ಸೂಜಿ ಶಾಲೆಯೊಳಗೇ ಬರುವುದಿಲ್ಲ.

ಪಟ್ಟು ತಪ್ಪುವ ಇನ್ನೊಂದು ಕಾರಣ ತಯಾರಿಕೆಯದೇ. ಒಮ್ಮೆ ಬಳಸಿ ಬಿಸಾಡುವ ಸಿರಿಂಜುಗಳ ಐಎಸ್‌ಒ 7886-1 ಮಾನಕ, 5 ಮಿ.ಲೀ.ಗಿಂತ ಚಿಕ್ಕ ಸಿರಿಂಜನ್ನು ಅರ್ಧಕ್ಕಿಂತ ಹೆಚ್ಚು ತುಂಬಿದಾಗ ಶೇ. 5, ದೊಡ್ಡದರಲ್ಲಿ ಶೇ. 4ರ ವರೆಗೆ ಹೆಚ್ಚು ಕಡಿಮೆ ಇರಲು ಬಿಡುತ್ತದೆ. ಅರ್ಧಕ್ಕಿಂತ ಕಡಿಮೆ ತುಂಬಿದರೆ ತಪ್ಪಿನ ಪಾಲು ಇನ್ನೂ ಏರುತ್ತದೆ. ಹಾಗಾಗಿ ಬೇಕಾದಷ್ಟು ಹಿಡಿಯುವ ಸಿರಿಂಜುಗಳಲ್ಲಿ ಅತಿ ಚಿಕ್ಕದನ್ನೇ ಆರಿಸಬೇಕು. 20 ಮಿ.ಲೀ. ಸಿರಿಂಜಿನಲ್ಲಿ ಅರ್ಧ ಮಿ.ಲೀ. ಅಳೆಯುವುದು, ಸೌದೆ ತೂಗುವ ತಕ್ಕಡಿಯಲ್ಲಿ ಏಲಕ್ಕಿ ತೂಗಿದ ಹಾಗೆ.

ಒಂದೇ ಅಂತರ ತಪ್ಪುತ್ತಿದ್ದರೆ

ತಿದ್ದಿದ ಮೇಲೂ ಮೊದಲ ತಂಡಕ್ಕೆ 0.705ರ ಬದಲು 0.72 ಬಂದದ್ದು ನೆನಪಿದೆಯಲ್ಲ. ಅದು ಬಣ್ಣದ ತೆರಿಗೆ. ಇಟ್ಟಿಗೆ ಬಣ್ಣ ಕಣ್ಣಿಗೆ ಕಾಣಬೇಕಾದರೆ ಅದಕ್ಕೇ ಸ್ವಲ್ಪ ಸಿಲ್ವರ್ ನೈಟ್ರೇಟ್ ಬೇಕು. ಡಿಸ್ಟಿಲ್ಡ್ ನೀರಿಗೆ ಅದೇ ಕ್ರೋಮೇಟ್ ಹಾಕಿ ನೋಡಿದರೆ 0.02 ಬಂತು. ಪ್ರತಿ ರೀಡಿಂಗಿನಿಂದ ಇದನ್ನು ಕಳೆಯಬೇಕು.

ರಬ್ಬರಿನಲ್ಲಿ ಎರಡು ಉಂಗುರ ಇರುತ್ತವೆ, ಮುಂದೊಂದು ಹಿಂದೊಂದು. ಓದಬೇಕಾದದ್ದು ದ್ರವದ ಕಡೆಯ ಉಂಗುರ, ಅದು ಗೋಡೆಗೆ ತಾಗುವ ಗೆರೆ. ರಬ್ಬರಿನ ತಲೆ ಗೋಪುರದಂತಿದ್ದರೂ ತುದಿ ಓದಬಾರದು. ನಮ್ಮ ಕೆಲಸದಲ್ಲಿ ಶುರು ಮತ್ತು ಕೊನೆ ಎರಡನ್ನೂ ಒಂದೇ ಉಂಗುರದಲ್ಲಿ ಓದಿದರೆ ಕಳೆಯುವಾಗ ತಪ್ಪು ತಾನೇ ಅಳಿಸಿಹೋಗುತ್ತದೆ. ಆದರೆ ನೇರವಾಗಿ "ಇಷ್ಟು ಹಾಕು" ಎಂದು ಅಳೆಯುವವರಿಗೆ, ಗೊಬ್ಬರವಿರಲಿ ಔಷಧಿಯಿರಲಿ, ಅಳಿಯುವುದಿಲ್ಲ.

ಇನ್ನೊಂದು ತಪ್ಪು ಒಳ್ಳೆಯ ಮನಸ್ಸಿನಿಂದ ಆಗುವಂಥದ್ದು. ದ್ರಾವಣ ವ್ಯರ್ಥವಾಗಬಾರದು ಎಂದು ಹುಡುಗಿಯೊಬ್ಬಳು ಕೊನೆಗೆ ಸಿರಿಂಜಿಗೆ ನೀರೆಳೆದು ಜಾಲಿಸಿ ಅದನ್ನೂ ಪಾತ್ರೆಗೆ ಸುರಿದಳು. ಮೂತಿಯಲ್ಲಿ ಕೂತಿದ್ದ 0.06 ಲೆಕ್ಕವಿಲ್ಲದೆ ಒಳಗೆ ಹೋಯಿತು. ಔಷಧಿಯನ್ನು ಸಿರಿಂಜಿನಲ್ಲೆಳೆದು ಅದೇ ಸಿರಿಂಜಿಗೆ ನೀರೆಳೆದು ಬೆರೆಸುವವರೂ ಇದೇ ತಪ್ಪು ಮಾಡುತ್ತಾರೆ. ಅಳೆಯುವ ಪ್ರಮಾಣ 0.1 ಮಿ.ಲೀ. ಆಗಿದ್ದರೆ ಹೆಚ್ಚುವರಿ ಅರ್ಧಕ್ಕಿಂತ ಜಾಸ್ತಿ.

ಸಿರಿಂಜಿನದ್ದಲ್ಲದ ದೋಷ

ಗೊತ್ತಿರುವ ನೀರಿನಲ್ಲಿ ಸರಿ ಬಂದು ಬಾವಿನೀರಿನಲ್ಲಿ ಮಾತ್ರ ಎಡವಟ್ಟಾದರೆ ಸಿರಿಂಜನ್ನು ಬಿಟ್ಟುಬಿಡಿ. ನಮ್ಮ ಚಿರೆಕಲ್ಲಿನ ಬಾವಿಗಳ ನೀರು ಹಲವು ಸಲ ಹುಳಿಯ ಕಡೆಗೆ ವಾಲಿರುತ್ತದೆ. ಹುಳಿಯ ಅಳತೆಯಾದ ಪಿಎಚ್ 6.5ಕ್ಕಿಂತ ಇಳಿದರೆ ಕ್ರೋಮೇಟ್ ರೂಪ ಬದಲಿಸಿ, ಬಣ್ಣ ತಡವಾಗಿ ತಿರುಗಿ, ರೀಡಿಂಗ್ ಏರುತ್ತದೆ. ಒಂದು ಚಿಟಿಕೆ ಅಡುಗೆ ಸೋಡಾ ಸಾಕು. ಸಿಲ್ವರ್ ನೈಟ್ರೇಟ್ ಕಂದು ಬಾಟ್ಲಿಯಲ್ಲೇ ಇರಲಿ. ಪಾರದರ್ಶಕ ಸಿರಿಂಜಿನಲ್ಲಿ ತುಂಬಿಸಿ ಕಿಟಕಿಯ ಬಳಿ ಬಿಟ್ಟರೆ ಗೋಡೆ ಕಪ್ಪಾಗುತ್ತದೆ, ಕೈಗೆ ತಾಗಿದರೆ ಕೈಯೂ ಕಪ್ಪಾಗಿ ವಾರ ಕಳೆದರೂ ಹೋಗುವುದಿಲ್ಲ. ಕಣ್ಣಿಗೆ ಹಾರದಂತೆ ಕನ್ನಡಕ ಹಾಕಿಸುತ್ತೇನೆ. ಕ್ರೋಮೇಟ್ ಕ್ಯಾನ್ಸರ್ ತರುವ ವಸ್ತು, ಅದನ್ನು ಮಕ್ಕಳು ಮುಟ್ಟುವುದಿಲ್ಲ, ಹನಿ ನಾನೇ ಹಾಕುತ್ತೇನೆ. ಕೆಲಸ ಮುಗಿದ ನೀರು ಮೋರಿಗೂ ಹೋಗುವುದಿಲ್ಲ, ಬಾವಿಯ ಹತ್ತಿರವೂ ಸುರಿಯುವುದಿಲ್ಲ, ಒಂದು ಡಬ್ಬಿಯಲ್ಲಿ ಶೇಖರವಾಗುತ್ತಿದೆ.

ಘಟ್ಟದ ಮೇಲಿನವರಿಗೆ ಒಂದೆರಡು ಮಾತು

ಶಿರಸಿಯಲ್ಲಿರುವ ನಮ್ಮ ಭಾವ ಇದನ್ನೆಲ್ಲ ಫೋನಿನಲ್ಲಿ ಕೇಳಿ "ನಂಗೆ ನೀರಲ್ಲ, ಎಣ್ಣೆ ಅಳೆಯೂದು" ಎಂದರು. ಅವರ ಅಡಕೆ ತೋಟಕ್ಕೆ ಲೀಟರಿಗೆ 0.3 ಮಿ.ಲೀ. ಎಂದು ಲೇಬಲ್ಲಿನಲ್ಲಿರುವ ಕೀಟನಾಶಕ, 16 ಲೀಟರಿನ ಬೆನ್ನಿನ ಪಂಪು. ಒಂದೊಂದು ಲೀಟರಿಗೆ ಬೇರೆ ಬೇರೆ ಅಳೆಯುವ ಗೋಜೇ ಬೇಡ, ಪಂಪಿಗೆ 4.8 ಮಿ.ಲೀ., 5 ಮಿ.ಲೀ. ಸಿರಿಂಜಿನಲ್ಲಿ ಒಮ್ಮೆಲೇ. ಆದರೆ ನೀರಿನಲ್ಲಿ ಹಾಲಾಗುವ ಜಾತಿಯ ಕೀಟನಾಶಕಗಳಲ್ಲಿ ಪೆಟ್ರೋಲಿಯಂ ದ್ರಾವಕ ಇರುತ್ತದೆ. ಅದು ರಬ್ಬರನ್ನು ಉಬ್ಬಿಸುತ್ತದೆ, ಗೆರೆಗಳನ್ನೂ ಅಳಿಸುತ್ತದೆ. ಮೂರನೆಯ ದಿನ ದಂಡ ಸರಿಯುತ್ತಿಲ್ಲ ಎಂದು ಭಾವ ದೂರಿದ್ದು ಇದಕ್ಕೇ. ರಬ್ಬರಿಲ್ಲದ, ಪೂರ್ತಿ ಪ್ಲಾಸ್ಟಿಕ್ ದಂಡದ ಎರಡು ತುಂಡಿನ ಸಿರಿಂಜು ಇಲ್ಲಿ ಹೆಚ್ಚು ಬಾಳುತ್ತದೆ. ಕೈಗವಸು ಹಾಕಿ, ಅಳೆದ ಸಿರಿಂಜನ್ನು ಬೇರೆ ಯಾವುದಕ್ಕೂ ಬಳಸಬೇಡಿ, ಮಕ್ಕಳ ಕೈಗೆ ಸಿಗದಂತೆ ಇಡಿ.

ಬೇವಿನೆಣ್ಣೆ, ಜೇನು, ಜೋನಿ ಬೆಲ್ಲದಂಥ ದಪ್ಪ ದ್ರವ ಎಳೆಯುವಾಗ ಅವಸರ ಮಾಡಿದರೆ ದ್ರವಕ್ಕಿಂತ ಮೊದಲು ಗಾಳಿ ಬರುತ್ತದೆ. ಎಳೆದು, ನಿಂತು, ಹತ್ತು ಎಣಿಸಿ. ಒತ್ತಿದ ಮೇಲೂ ಹತ್ತು ಎಣಿಸಿ, ಗೋಡೆಗಂಟಿದ್ದು ನಿಧಾನಕ್ಕೆ ಇಳಿಯುತ್ತದೆ. ಇಂಥದ್ದನ್ನು ನಿಖರವಾಗಿ ಅಳೆಯಲೇಬೇಕೆಂದರೆ ಅಳೆಯುವುದನ್ನು ಬಿಟ್ಟು ತೂಗುವುದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಡಿಸೆಂಬರಿನ ಮುಂಜಾನೆ ಶಿರಸಿಯ ಚಳಿಯಲ್ಲಿ ಸಿರಿಂಜು ತಾನಾಗಿಯೇ ತೊಟ್ಟಿಕ್ಕುತ್ತದೆ ಎಂದೂ ಭಾವ ಹೇಳಿದರು. ಒಳಗೆ ಅರ್ಧ ಮಿ.ಲೀ. ಗಾಳಿಯಿದ್ದು, ಅಂಗೈಯ ಬಿಸಿಗೆ ಅದು ಹತ್ತು ಡಿಗ್ರಿ ಏರಿದರೆ 0.017 ಮಿ.ಲೀ. ಹಿಗ್ಗುತ್ತದೆ, ಅಷ್ಟನ್ನು ಹೊರಗೆ ತಳ್ಳುತ್ತದೆ. ಕೊಳವೆಯನ್ನು ಮುಷ್ಟಿಯಲ್ಲಿ ಹಿಡಿಯದೆ ಅಂಚಿನ ರೆಕ್ಕೆಯಲ್ಲಿ ಹಿಡಿಯಬೇಕು. ನಮ್ಮ ಏಪ್ರಿಲ್ಲಿನಲ್ಲಿ ಗಾಳಿಯೂ ಕೈಯೂ ಒಂದೇ ಬಿಸಿ, ಈ ಕಾಯಿಲೆ ನಮಗಿಲ್ಲ.

ಬಾವಿಯ ಲೆಕ್ಕ

ಎಲ್ಲ ತಿದ್ದಿದ ಮೇಲೆ ಮೊದಲ ತಂಡಕ್ಕೆ 0.69, 0.70, 0.70. ಎರಡನೆಯ ತಂಡದ 28 ಯೂನಿಟ್ 0.70. ಬಣ್ಣದ 0.02 ಕಳೆದರೆ 0.68, ಅಂದರೆ 241 ಮಿ.ಗ್ರಾಂ. ಮಕ್ಕಳು ಕೂಡಲೇ "ಮಿತಿಯೊಳಗೆ" ಎಂದು ಬರೆಯಹೊರಟರು, ತಡೆದೆ. 10 ಮಿ.ಲೀ. ಸಿರಿಂಜಿನದೇ ಶೇ. 4 ಇರಬಹುದಾದಾಗ, ಅದನ್ನು ತೂಗಿ ನೋಡದೆ, 241 ಎಂಬುದು 231ರಿಂದ 251ರ ನಡುವೆ ಎಲ್ಲಾದರೂ ಇರಬಹುದು. ವಹಿಯಲ್ಲಿ "ಸುಮಾರು 240, ಹತ್ತು ಹೆಚ್ಚು ಕಡಿಮೆ" ಎಂದು ಬರೆಸಿದೆ. ಮನೆಯ ಅಜ್ಜಿ "ಕುಡೀಬೌದಾ ಅಕ್ಕೋರೆ?" ಎಂದು ಕೇಳಿದರು. 250 ರುಚಿಗೆ ಸಂಬಂಧಿಸಿದ ಮಿತಿ, ಬೇರೆ ನೀರಿಲ್ಲದಾಗ 1,000ದ ವರೆಗೂ ಮಾನಕ ಬಿಡುತ್ತದೆ, ಆದರೆ ಇದು ಉಪ್ಪಿನ ಲೆಕ್ಕ ಮಾತ್ರ, ಕ್ರಿಮಿಗಳ ವಿಷಯ ಇದರಲ್ಲಿ ತಿಳಿಯುವುದಿಲ್ಲ, ಕುದಿಸಿಯೇ ಕುಡಿಯಿರಿ ಎಂದೆ.

ಮರುದಿನ ಆ 10 ಮಿ.ಲೀ. ಸಿರಿಂಜನ್ನೂ ಅಕ್ಕಸಾಲಿಗರ ತಕ್ಕಡಿಗೆ ಒಯ್ದೆವು. ಹತ್ತು ಸಲದ ಸರಾಸರಿ 9.86 ಗ್ರಾಂ, ಎಂದರೆ 9.90 ಮಿ.ಲೀ. ಬಾವಿನೀರು ಶೇ. 1 ಕಡಿಮೆ ಹೋಗಿತ್ತು, ಹಾಗಾಗಿ 241 ಈಗ 243 ಆಯಿತು. ಸಿರಿಂಜಿನ ಮೇಲೆ ಮಾರ್ಕರಿನಲ್ಲಿ 9.90 ಎಂದು ಬರೆದಿದ್ದೆವು, ಸ್ಪಿರಿಟ್ಟಿನಲ್ಲಿ ಒರೆಸಿದಾಗ ಅಳಿಸಿಹೋಯಿತು. ಈಗ ದಂಡದ ಹಿಡಿಕೆಗೆ ಪಟ್ಟಿ ಸುತ್ತಿ ಅದರ ಮೇಲೆ ಬರೆದಿದೆ: ಬಾವಿನೀರು ಮಾತ್ರ, 9.90. ಅಮಾವಾಸ್ಯೆಯ ದೊಡ್ಡ ಭರತಕ್ಕೆ ಅದನ್ನೇ ಹಿಡಿದು ಮತ್ತೆ ಹೋಗುತ್ತೇವೆ.